ಮೈನಸ್ 23.9ರಲ್ಲಿ ಬನಹಟ್ಟಿಯ ಮಗ್ಗ ಎಲ್ಲಿತ್ತು?

2020ರ ಆಗಸ್ಟ್ 31ರ ಸಂಜೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ಜಿಡಿಪಿ ಅಂಕಿ ಹೊರಬಿತ್ತು. ಮೈನಸ್ 23.9. ನಮ್ಮ ಸ್ಕ್ರೀನ್ ಮೇಲೆ ಕೆಂಪು ಬಣ್ಣದಲ್ಲಿ ಅದು ಹೊಳೆಯುತ್ತಾ ಇತ್ತು, ನಾನು ಅದರ ಕೆಳಗೆ ಕೂತು ಮಾತಾಡ್ತಾ ಇದ್ದೆ. ತ್ರೈಮಾಸಿಕ ಲೆಕ್ಕ ಶುರುವಾದಾಗಿನಿಂದ ಇಂಥಾ ಕುಸಿತ ದೇಶ ಕಂಡಿರಲಿಲ್ಲ. ಫೋನ್ ಲೈನ್ ತೆರೆದಾಗ ಬನಹಟ್ಟಿಯಿಂದ ಒಬ್ಬರು ಮಾತಾಡಿದರು. ಅವರಿಗೆ ಸಿಟ್ಟಿರಲಿಲ್ಲ, ಬರೀ ಒಂದು ಪ್ರಶ್ನೆ ಇತ್ತು: "ಸರ, ನಮ್ಮ ಮಗ್ಗ ನಿಂತು ಐದು ತಿಂಗಳಾತ್ರಿ. ನೀವು ಹೇಳೋ ಆ ಇಪ್ಪತ್ನಾಲ್ಕರಾಗ ನಮ್ದೂ ಐತೇನ್ರಿ?"

ಆ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇದೆ. ಇಲ್ಲ, ನೇರವಾಗಿ ಇಲ್ಲ. ಮೂರು ತಿಂಗಳಿಗೊಮ್ಮೆ ಬರುವ ಜಿಡಿಪಿ ಲೆಕ್ಕದಲ್ಲಿ ಸಣ್ಣಪುಟ್ಟ, ನೋಂದಣಿ ಇಲ್ಲದ ಉದ್ಯೋಗಗಳನ್ನು ಆಗ ಯಾರೂ ಹೋಗಿ ಎಣಿಸಿ ಬರ್ತಿರಲಿಲ್ಲ. ದೊಡ್ಡ ಕಂಪನಿಗಳ ಲೆಕ್ಕಪತ್ರ, ಕೈಗಾರಿಕಾ ಉತ್ಪಾದನೆ ಸೂಚ್ಯಂಕ ಇವನ್ನು ನೋಡಿ, ಅವು ಹೆಂಗಿವೆಯೋ ಇವೂ ಹಂಗೇ ಇರಬಹುದು ಅಂತ ಅಂದಾಜು ಹಾಕ್ತಿದ್ದರು. ಬನಹಟ್ಟಿಯ ಮನೆಯೊಳಗಿನ ನಾಲ್ಕು ಮಗ್ಗದ ಕಥೆಯನ್ನು ಮುಂಬೈ ಷೇರುಪೇಟೆಯ ಜವಳಿ ಕಂಪನಿಯ ಬ್ಯಾಲೆನ್ಸ್ ಶೀಟ್ ಹೇಳುತ್ತೆ ಅಂದ ಹಾಗಾಯಿತು. ಲಾಕ್‌ಡೌನ್‌ನಿಂದಾಗಿ ಮಾಹಿತಿ ಸಂಗ್ರಹಕ್ಕೇ ತೊಂದರೆಯಾಗಿದೆ ಅಂತ ಆ ದಿನದ ಸರ್ಕಾರಿ ಪ್ರಕಟಣೆಯೇ ಒಪ್ಪಿಕೊಂಡಿತ್ತು.

ಹಾಗಾದರೆ ಮಹಾಮಾರಿ ಬಂದಾಗ ದೇಶದ ಆರ್ಥಿಕತೆಗೆ ಏನಾಗುತ್ತೆ? ದಿಲ್ಲಿಯ ಅಂಕಿ ಬಿಟ್ಟು, ಕೃಷ್ಣಾ-ಘಟಪ್ರಭಾ ನಡುವಿನ ಈ ನಾಲ್ಕು ಊರುಗಳಿಂದ ನೋಡೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಇದಕ್ಕೆ ಕಾರಣ ಇದೆ. ಇಲ್ಲಿ ಎರಡು ಬೇರೆ ಬೇರೆ ಆರ್ಥಿಕತೆಗಳು ಒಂದೇ ರಸ್ತೆಯ ಎರಡು ಬದಿಗೆ ಬದುಕುತ್ತವೆ. ಒಂದು ಕಬ್ಬು, ಇನ್ನೊಂದು ಸೀರೆ. ಒಂದೇ ರೋಗ, ಒಂದೇ ಸರ್ಕಾರಿ ಆದೇಶ ಈ ಎರಡರ ಮೇಲೆ ಬಿದ್ದಾಗ ಏನಾಯಿತು ಅನ್ನೋದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಎಂಟೂವರೆ ಲಕ್ಷ ಜನರಿದ್ದ ಆ ನಗರದಿಂದ ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಊರ ಕಡೆ ಹೊರಟರು. ಗಿರಣಿಗಳಲ್ಲಿ ಕೈಗಳೇ ಇಲ್ಲದಂತಾಯಿತು. 1897ರ ಫೆಬ್ರವರಿ 4ರಂದು ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. ಈ ದಿನಾಂಕ ನೆನಪಿಟ್ಟುಕೊಳ್ಳಿ, ಯಾಕಂದ್ರೆ 2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ ಕಾಯ್ದೆಯನ್ನು. 123 ವರ್ಷ ಹಳೆಯದು. ಬಂಧಿಸುವ, ತಡೆಯುವ, ತಪಾಸಣೆ ಮಾಡುವ ಅಧಿಕಾರ ಅದರಲ್ಲಿ ಧಾರಾಳ ಇದೆ. ದುಡಿಮೆ ನಿಂತವನಿಗೆ ಏನು ಕೊಡಬೇಕು ಅನ್ನೋದು ಮಾತ್ರ ಅದರಲ್ಲಿ ಇಲ್ಲ.

1898ರ ಹೊತ್ತಿಗೆ ಪ್ಲೇಗ್ ರೈಲು ಹತ್ತಿ ಹುಬ್ಬಳ್ಳಿ-ಧಾರವಾಡ ಸೀಮೆಗೆ ಇಳಿದಿತ್ತು. ಹುಬ್ಬಳ್ಳಿ ರೈಲ್ವೆ ಕಾರ್ಖಾನೆಯ ಊರು, ಹತ್ತಿಯ ಊರು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಿದ ಊರುಗಳಲ್ಲಿ ಅದೂ ಒಂದು. ನಮ್ಮ ನಾಲ್ಕು ಊರುಗಳ ಸೀಮೆ ಆಗ ಹರಿದು ಹಂಚಿಹೋಗಿತ್ತು. ಬನಹಟ್ಟಿ ಜಮಖಂಡಿಯ ಪಟವರ್ಧನ ಸಂಸ್ಥಾನದ್ದು. ಅದರ ಮಗ್ಗುಲಲ್ಲೇ ಇರೋ ರಬಕವಿ ಸಾಂಗಲಿ ಸಂಸ್ಥಾನದ್ದು. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದ್ದು. ಬೀಳಗಿ ನೇರ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿದ್ದು. ಒಂದು ಹಗಲು ನಡೆದರೆ ನಾಲ್ಕು ಸರ್ಕಾರ ದಾಟಬೇಕು!

ಪ್ಲೇಗ್ ಕಾಲದಲ್ಲಿ ನಮ್ಮ ಕಡೆ ಜನ ಮಾಡಿದ್ದು ಒಂದೇ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು. ಇಲಿ ಬಿದ್ದರೆ ಊರು ಖಾಲಿ. ಒಕ್ಕಲಿಗನಿಗೆ ಇದು ಕಷ್ಟವೇ, ಆದರೂ ಅವನ ಕೆಲಸ ಇದ್ದದ್ದೇ ಹೊಲದಲ್ಲಿ. ಎತ್ತು ಹೊಡೆದುಕೊಂಡು ಹೋದ. ನೇಕಾರನದ್ದು ಹಾಗಲ್ಲ ಸ್ವಾಮಿ. ಆಗಿನದು ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ನೇಯುವವನು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಹಾಸು ಹೂಡಿದ ಮಗ್ಗವನ್ನು ಕಿತ್ತು ತಲೆ ಮೇಲೆ ಹೊತ್ತು ಹೊಲಕ್ಕೆ ಹೋಗೋಕಾಗುತ್ತಾ? ಮನೆ ಬಿಟ್ಟ ದಿನವೇ ಅವನ ದುಡಿಮೆಯೂ ಬಿಟ್ಟಿತು. ಇದರ ಜೊತೆಗೆ ಇನ್ನೊಂದು ಕಾರಣ ಇದೆ. ಕಷ್ಟ ಬಂದಾಗ ಮನುಷ್ಯ ಮೊದಲು ಮುಂದಕ್ಕೆ ಹಾಕೋದು ಬಟ್ಟೆಯನ್ನು. ಜೋಳ ಇವತ್ತೇ ಬೇಕು, ಸೀರೆ ಮುಂದಿನ ವರ್ಷ ಕೊಂಡರೂ ನಡೆಯುತ್ತೆ. ಬ್ರಿಟಿಷರಿಗೂ ಇದು ಗೊತ್ತಿತ್ತು. 1876-78ರ ಬರದ ನಂತರ ಅವರು ಬರೆದ ಕ್ಷಾಮ ಸಂಹಿತೆಗಳಲ್ಲಿ ನೇಕಾರರಿಗೆ ಅವರದೇ ಕಸುಬಿನಲ್ಲಿ ಕೆಲಸ ಕೊಟ್ಟು ಕಾಪಾಡುವ ಮಾತು ಪ್ರತ್ಯೇಕವಾಗಿ ಬಂತು. ಕಲ್ಲು ಒಡೆಯೋಕೆ ಹಚ್ಚಿದರೆ ನೇಕಾರನ ಕೈ ಮತ್ತೆ ನೂಲಿಗೆ ಬಾರದು ಅನ್ನೋ ತಿಳಿವಳಿಕೆ ಅದು.

ಈಗ 1918. ನಮ್ಮ ಇತಿಹಾಸದ ಪಾಠಪುಸ್ತಕಗಳು ಈ ವರ್ಷವನ್ನು ಮಹಾಯುದ್ಧ ಮುಗಿದ ವರ್ಷ ಅಂತ ಹೇಳಿ ಮುಂದಕ್ಕೆ ಓಡುತ್ತವೆ. ಜೂನ್‌ನಲ್ಲಿ ಮುಂಬೈ ಬಂದರಿನ ಪೊಲೀಸರು ಜ್ವರ ಅಂತ ಮಲಗಿದರು. ಅದು ಮೊದಲ ಅಲೆ, ಹಗುರವಾಗಿ ಹೋಯಿತು. ಸೆಪ್ಟೆಂಬರ್‌ನಲ್ಲಿ ಎರಡನೆಯ ಅಲೆ ಬಂತು ನೋಡಿ, ಅದು ಕೊಂದಿತು. ಅಕ್ಟೋಬರ್ 6ರಂದು ಮುಂಬೈ ಒಂದರಲ್ಲೇ 768 ಸಾವು. ಮುಂಬೈ ಪ್ರಾಂತ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ದೇಶದಲ್ಲಿ 1.2 ಕೋಟಿಯಿಂದ 2 ಕೋಟಿ ಅಂತ ಬೇರೆ ಬೇರೆ ಅಂದಾಜು. ಜಮಖಂಡಿ, ಮುಧೋಳಕ್ಕೆ ಆಗ ರೈಲು ಇರಲಿಲ್ಲ, ಆದರೆ ಒಂದು ಕಡೆ ಕುಡಚಿ ಸ್ಟೇಷನ್, ಇನ್ನೊಂದು ಕಡೆ ಬಾಗಲಕೋಟೆ ಸ್ಟೇಷನ್. ರೋಗ ಓಡಾಡಿದ್ದು ಹಳಿಗಳ ಗುಂಟ. (ಬಾಗಲಕೋಟೆ-ಕುಡಚಿ ನಡುವಿನ ರೈಲು ಮಾರ್ಗವನ್ನು ಈ ಜನ ಇವತ್ತಿಗೂ ಪೂರ್ತಿಯಾಗಿ ಕಂಡಿಲ್ಲ. ಅದು ಬೇರೆಯೇ ಒಂದು ಎಪಿಸೋಡ್.)

ಆ ಜ್ವರದ ವಿಚಿತ್ರ ಏನು ಅಂದ್ರೆ, ಅದು ಹೆಚ್ಚಾಗಿ ಆರಿಸಿಕೊಂಡದ್ದು ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಅಂದರೆ ದುಡಿಯುವ ಕೈಗಳೇ ಹೋದವು. ನೇಕಾರಿಕೆ ಒಬ್ಬನ ಕೆಲಸ ಅಲ್ಲ ಅಂತ ಬನಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಗಂಡ ಮಗ್ಗದ ಮೇಲೆ ಕೂತರೆ ಹೆಂಡತಿ ಕಂಡಿಕೆ ಸುತ್ತಬೇಕು, ಮುದುಕಿ ನೂಲು ಬಿಡಿಸಬೇಕು. ಒಂದು ಕೈ ತಪ್ಪಿದರೆ ಲಾಳಿ ನಿಲ್ಲುತ್ತೆ.

ಅದೂ ಸಾಲದು ಅಂತ ಆ ವರ್ಷ ಮುಂಗಾರು ಕೈಕೊಟ್ಟಿತು. ನಾಲ್ಕು ವರ್ಷದ ಯುದ್ಧದಿಂದ ಬಟ್ಟೆ, ಧಾನ್ಯ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿತ್ತು. ಬಡವರಿಗೆ ಅಗ್ಗದ ಬಟ್ಟೆ ಸಿಗಲಿ ಅಂತ 1918ರಲ್ಲಿ ಸರ್ಕಾರ ಬಟ್ಟೆಗೇ ಒಂದು ಕಾನೂನು ಮಾಡಬೇಕಾಯಿತು. ಆಗ ಜಿಡಿಪಿ ಅನ್ನೋ ಲೆಕ್ಕವೇ ಇರಲಿಲ್ಲ. ಆಮೇಲಿನ ಆರ್ಥಿಕ ಇತಿಹಾಸಕಾರರು ಹಿಂದಕ್ಕೆ ಹೋಗಿ ಹಾಕಿದ ಲೆಕ್ಕದಲ್ಲಿ ಆ ವರ್ಷದ ಕುಸಿತ ಶೇಕಡಾ ಹತ್ತಕ್ಕೂ ಹೆಚ್ಚು. ಅದರಲ್ಲಿ ಬರದ ಪಾಲೆಷ್ಟು, ಜ್ವರದ ಪಾಲೆಷ್ಟು, ಯುದ್ಧದ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ಮಹಾಮಾರಿ ಒಂಟಿಯಾಗಿ ಬರೋದು ಅಪರೂಪ.

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. 1960ರ ದಶಕದಲ್ಲಿ ಜಗತ್ತಿನ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ನಮ್ಮ 1918ರ ಸಾವುಗಳನ್ನು ಮುಂದಿಟ್ಟುಕೊಂಡು ಜಗಳ ಆಡಿದರು. ಅಮೆರಿಕದ ಥಿಯೋಡರ್ ಶುಲ್ಟ್ಸ್ ಮತ್ತು ನಮ್ಮ ಅಮರ್ತ್ಯ ಸೇನ್. ಇಬ್ಬರಿಗೂ ಮುಂದೆ ನೊಬೆಲ್ ಬಂತು. ಬಡ ದೇಶಗಳ ಹೊಲಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಜನ ಇದ್ದಾರೆ, ಕೆಲವರನ್ನು ಹೊರಗೆ ತೆಗೆದರೂ ಬೆಳೆ ಕಡಿಮೆಯಾಗದು ಅನ್ನೋ ವಾದ ಆಗ ಜೋರಾಗಿತ್ತು. ಶುಲ್ಟ್ಸ್ ಹೇಳಿದರು: ಭಾರತದಲ್ಲಿ ಇದನ್ನು ಜ್ವರವೇ ಪರೀಕ್ಷೆ ಮಾಡಿ ತೋರಿಸಿದೆ. ದುಡಿಯುವವರು ಸುಮಾರು ಶೇಕಡಾ ಎಂಟರಷ್ಟು ಕಡಿಮೆಯಾದರು, ಬಿತ್ತನೆಯ ಭೂಮಿಯೂ 1916-17ಕ್ಕೆ ಹೋಲಿಸಿದರೆ 1919-20ರಲ್ಲಿ ಶೇಕಡಾ 3.8ರಷ್ಟು ಕಡಿಮೆಯಾಯಿತು. ಅಂದರೆ ಯಾವ ಕೈಯೂ ಹೆಚ್ಚುವರಿ ಅಲ್ಲ. ಸೇನ್ ಒಪ್ಪಲಿಲ್ಲ. ಸಾವು ಮನೆಮನೆಗೆ ಸಮನಾಗಿ ಹಂಚಿಕೆಯಾಗಿರಲಿಲ್ಲ, ಒಂದು ಮನೆ ಪೂರ್ತಿ ಬರಿದಾದರೆ ಅದರ ಹೊಲ ಬೀಳು ಬೀಳುತ್ತೆ, ಪಕ್ಕದ ಮನೆಯಲ್ಲಿ ಹೆಚ್ಚಿಗೆ ಕೈ ಇದ್ದರೂ ಆ ಹೊಲಕ್ಕೆ ಬರೋದಿಲ್ಲ ಅಂತ ವಾದಿಸಿದರು. ನನಗೆ ಸೇನ್ ಮಾತು ಹೆಚ್ಚು ಸರಿ ಅನ್ನಿಸುತ್ತೆ. ಸರಾಸರಿ ಅನ್ನೋದು ಲೆಕ್ಕದ ಪುಸ್ತಕದಲ್ಲಿ ಇರುತ್ತೆ, ಹೆಣ ಏಳೋದು ಒಂದೊಂದು ಮನೆಯಿಂದ.

ಈ ಜಗಳವನ್ನು ತಲೆಯಲ್ಲಿಟ್ಟುಕೊಂಡು 2020ಕ್ಕೆ ಬನ್ನಿ. 1918ರಲ್ಲಿ ಕೈಗಳು ಹೋಗಿದ್ದವು, ಕೆಲಸ ಇತ್ತು. ಈ ಸಲ ತಿರುವುಮುರುವು. ಕೊರೊನಾ ಹೆಚ್ಚಾಗಿ ಕೊಂದದ್ದು ವಯಸ್ಸಾದವರನ್ನು, ಮೊದಲೇ ಕಾಯಿಲೆ ಇದ್ದವರನ್ನು. ದುಡಿಯುವ ಕೈ ಬಹುಪಾಲು ಉಳಿಯಿತು. ಕೆಲಸ ಹೋಯಿತು.

ಮಾರ್ಚ್ 25ರಿಂದ ದೇಶ ಬಂದ್. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಖಾಲಿ ಹೊಟ್ಟೆಯ ಮೇಲೆ ಬಿದ್ದ ಏಟು. ಏಳು ತಿಂಗಳ ಹಿಂದಷ್ಟೇ, 2019ರ ಆಗಸ್ಟ್‌ನಲ್ಲಿ, ಕೃಷ್ಣಾ-ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಊರುಗಳನ್ನು ಮುಳುಗಿಸಿದ್ದವು. ಮನೆ ಒಣಗುವ ಹೊತ್ತಿಗೆ ಲಾಕ್‌ಡೌನ್.

ಕಬ್ಬಿನ ಕಡೆ ನೋಡಿ. ಕಾರ್ಖಾನೆಗಳು ನುರಿಸೋದು ಮಳೆಗಾಲ ಮುಗಿದ ಮೇಲಿಂದ ಬೇಸಿಗೆ ಆರಂಭದವರೆಗೆ. ಮಾರ್ಚ್ ಕೊನೆಯ ಹೊತ್ತಿಗೆ ಬಹುಪಾಲು ಕಬ್ಬು ಗದ್ದೆಯಿಂದ ಹೋಗಿ ಆಗಿತ್ತು. ಕೃಷಿ ಚಟುವಟಿಕೆಗೆ, ಸಕ್ಕರೆ ಕಾರ್ಖಾನೆಗೆ ವಿನಾಯಿತಿ ಸಿಕ್ಕಿತು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಿಗೆ ಸ್ಯಾನಿಟೈಸರ್ ಮಾಡೋಕೂ ಸರ್ಕಾರ ಅನುಮತಿ ಕೊಟ್ಟಿತು. ಮದುವೆ ಇಲ್ಲ, ಹೋಟೆಲ್ ಇಲ್ಲ, ತಂಪು ಪಾನೀಯ ಇಲ್ಲ, ಹಾಗಾಗಿ ಸಕ್ಕರೆ ಗಿರಾಕಿ ಕಡಿಮೆಯಾದ. ಬಾಕಿ ಹಣದ ಗೋಳು ಎಂದಿನಂತೆ ಇತ್ತು. ಆದರೂ ಬೇರು ನೆಲದಲ್ಲಿತ್ತು, ಕಬ್ಬು ಬೆಳೆಯುತ್ತಾ ಇತ್ತು. ಆ ಮೈನಸ್ 23.9ರ ತ್ರೈಮಾಸಿಕದಲ್ಲೂ ದೇಶದ ಕೃಷಿ ಶೇಕಡಾ 3.4ರಷ್ಟು ಬೆಳೆದಿತ್ತು.

ರಸ್ತೆಯ ಈಚೆ ಬದಿಗೆ ಬನ್ನಿ, ರಬಕವಿ-ಬನಹಟ್ಟಿಗೆ. ಇಲ್ಲಿನ ಕಾಟನ್ ಸೀರೆಗೆ ಹಳೆಯ ಗಿರಾಕಿ ಮಹಾರಾಷ್ಟ್ರ. ಯುಗಾದಿಯಿಂದ ಅಕ್ಷಯ ತೃತೀಯ ದಾಟುವವರೆಗೆ ಮದುವೆ, ಜಾತ್ರೆಗಳ ಹಂಗಾಮು. ವರ್ಷದ ಗಳಿಕೆಯ ದೊಡ್ಡ ಪಾಲು ಆ ದಿನಗಳದ್ದು. ಅದಕ್ಕಾಗಿ ಮೊದಲೇ ನೇಯ್ದು ಇಟ್ಟಿರ್ತಾರೆ. 2020ರಲ್ಲಿ ಅಕ್ಷಯ ತೃತೀಯ ಬಂದದ್ದು ಏಪ್ರಿಲ್ 26ಕ್ಕೆ. ದೇಶವೆಲ್ಲಾ ಬಾಗಿಲು ಹಾಕಿತ್ತು. ಮೇ ತಿಂಗಳಲ್ಲಿ ಸ್ವಲ್ಪ ಸಡಿಲ ಆಯಿತು ಅನ್ನೋ ಹೊತ್ತಿಗೆ ಮಹಾರಾಷ್ಟ್ರ ದೇಶದಲ್ಲೇ ಅತಿ ಹೆಚ್ಚು ಸೋಂಕಿನ ರಾಜ್ಯ. ತಿಂಗಳ ಕೊನೆಯವರೆಗೆ ಆ ರಾಜ್ಯದಿಂದ ಯಾರೂ ಬರಕೂಡದು ಅಂತ ಮೇ 18ರಂದು ಕರ್ನಾಟಕ ಹೇಳಿತು. ಗಡಿಯಾಚೆಯ ಗಿರಾಕಿ ಆಚೆ, ನೇಯ್ದ ಸೀರೆ ಈಚೆ, ಮನೆಯ ಅಟ್ಟದ ಮೇಲೆ.

ಅಟ್ಟದ ಮೇಲೆ ಸೀರೆ ಇದ್ದರೆ ಏನಾಗುತ್ತೆ? ನೂಲು ತಂದ ಸಾಲ ತೀರೋದಿಲ್ಲ. ಹಳೆ ಸಾಲ ತೀರದೆ ಹೊಸ ನೂಲು ಬರೋದಿಲ್ಲ. ನೂಲು ಇಲ್ಲದೆ ಬೀಮು ತುಂಬೋದಿಲ್ಲ. ಬೀಮು ಇಲ್ಲದ ಮಗ್ಗದ ಮುಂದೆ ಮಜೂರಿಯವನಿಗೆ ಏನು ಕೆಲಸ? ಅವನಿಗೆ ತಿಂಗಳ ಸಂಬಳ ಇಲ್ಲ, ಸೀರೆಗೆ ಇಷ್ಟು ಅಂತ ಮಜೂರಿ. ಸೀರೆ ಇಲ್ಲ ಅಂದ್ರೆ ಮಜೂರಿ ಸೊನ್ನೆ. ಕಂಡಿಕೆ ಸುತ್ತುವ ಹೆಂಗಸಿಗೂ ಸೊನ್ನೆ. ಬಣ್ಣ ಹಾಕುವವನು, ಸೈಜಿಂಗ್‌ನವನು, ಸೀರೆ ಗಂಟು ಹೊರುವ ಹಮಾಲ, ಆಟೊದವನು, ಚಹಾದಂಗಡಿಯವನು, ಎಲ್ಲರೂ ಅದೇ ಒಂದು ಎಳೆಯ ಮೇಲೆ ನಿಂತವರು. ಕಂಪನಿ ಕಷ್ಟಕ್ಕೆ ಬಿದ್ದರೆ ಬ್ಯಾಲೆನ್ಸ್ ಶೀಟ್ ಹೇಳುತ್ತೆ. ಇವರದ್ದು ಯಾವ ಶೀಟ್‌ನಲ್ಲಿ ಬರುತ್ತೆ?

ಪರಿಹಾರ ಬರಲಿಲ್ಲ ಅಂತ ನಾನು ಹೇಳೋದಿಲ್ಲ, ಬಂತು. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಅಗಸರಿಗೆ, ಕ್ಷೌರಿಕರಿಗೆ, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೈಮಗ್ಗ ನೇಕಾರರಿಗೆ 'ನೇಕಾರ ಸಮ್ಮಾನ್' ಹೆಸರಲ್ಲಿ ವರ್ಷಕ್ಕೆ 2,000. ವಿದ್ಯುತ್ ಮಗ್ಗದ ಕಾರ್ಮಿಕರ ಹೆಸರು ಆ ದಿನ ಬರಲಿಲ್ಲ, ಕೂಗಾಟದ ನಂತರ ಅವರಿಗೂ ಒಂದು ಸಲಕ್ಕೆ 2,000 ಬಂತು. ಸರ್ಕಾರದ ಕಣ್ಣಲ್ಲಿ ಕೈಮಗ್ಗ ಪರಂಪರೆ, ವಿದ್ಯುತ್ ಮಗ್ಗ ಉದ್ಯಮ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಓಡಿಸುವವನಿಗೆ ಕೇಳಿ ನೋಡಿ, ತಾನು ಉದ್ಯಮಿ ಅಂತ ಅವನಿಗೇ ಗೊತ್ತಿರೋದಿಲ್ಲ.

ದಿಲ್ಲಿಯದು ಇನ್ನೂ ದೊಡ್ಡದು, ಮೇ 12ರಂದು 20 ಲಕ್ಷ ಕೋಟಿ. ಅದರಲ್ಲಿ ಸಣ್ಣ ಉದ್ಯಮಗಳಿಗೆ ಅಂತ 3 ಲಕ್ಷ ಕೋಟಿಯ ಖಾತರಿ ಸಾಲ. ಷರತ್ತು ಏನು? 2020ರ ಫೆಬ್ರವರಿ 29ರಂದು ಬ್ಯಾಂಕಿನಲ್ಲಿ ನಿಮ್ಮ ಸಾಲ ಎಷ್ಟಿತ್ತೋ ಅದರ ಶೇಕಡಾ 20ರಷ್ಟು ಹೊಸ ಸಾಲ. ಅಂದರೆ ಬ್ಯಾಂಕಿನಲ್ಲಿ ಮೊದಲೇ ಸಾಲ ಇದ್ದವನಿಗೆ ಮಾತ್ರ. ನೂಲಿನ ಸಾವಕಾರನ ಹತ್ತಿರ, ಪರಿಚಯದವರ ಹತ್ತಿರ ಕೈಗಡ ತಂದವನ ಸಾಲದ ಶೇಕಡಾ 20 ಎಷ್ಟು? ಅದೇ ವರ್ಷ ಜುಲೈ 27ರಂದು ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. ಹನ್ನೊಂದು ದಿನ ಬಿಟ್ಟು ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನಾಚರಣೆ!

ಆಮೇಲೆ ಬಂತು ಚೇತರಿಕೆಯ ಸುದ್ದಿ. 2021ರ ಏಪ್ರಿಲ್-ಜೂನ್‌ನಲ್ಲಿ ಜಿಡಿಪಿ ಶೇಕಡಾ 20.1ರಷ್ಟು ಏರಿಕೆ. ನಮ್ಮಲ್ಲೂ ಹಸಿರು ಬಣ್ಣದ ಬ್ರೇಕಿಂಗ್. ಒಂದು ನಿಮಿಷ ಲೆಕ್ಕ ಮಾಡಿ. ನಿಮ್ಮ ಹತ್ತಿರ 100 ರೂಪಾಯಿ ಇತ್ತು, 24 ಹೋಗಿ 76 ಉಳಿಯಿತು. 76ರ ಮೇಲೆ ಶೇಕಡಾ 20 ಹಾಕಿದರೆ 91. ನೂರು ಮುಟ್ಟಲೇ ಇಲ್ಲ, ಆದರೂ ಪರದೆಯ ಮೇಲೆ ದಾಖಲೆ ಬೆಳವಣಿಗೆ. ಬನಹಟ್ಟಿಗೆ ಆ 91 ಕೂಡ ಬರಲಿಲ್ಲ. ಎರಡನೆಯ ಅಲೆಯ ನಿರ್ಬಂಧಗಳು 2021ರ ಏಪ್ರಿಲ್ ಕೊನೆಯಿಂದ ಶುರುವಾಗಿ ಜೂನ್‌ವರೆಗೆ ಎಳೆದವು. ಅಕ್ಷಯ ತೃತೀಯ ಮೇ 14ಕ್ಕೆ. ಸತತ ಎರಡನೆಯ ಹಂಗಾಮು ಮಣ್ಣುಪಾಲು. ಜುಲೈನಲ್ಲಿ ಮತ್ತೆ ಹೊಳೆ ಬಂತು. ಮುಂದಿನ ವರ್ಷ ಜನ ಹೊರಗೆ ಬಂದು ಸೀರೆ ಕೇಳೋ ಹೊತ್ತಿಗೆ ಹತ್ತಿಯ ಬೆಲೆ ಆಕಾಶಕ್ಕೇರಿ, 356 ಕಿಲೋದ ಒಂದು ಖಂಡಿಗೆ ಲಕ್ಷ ರೂಪಾಯಿ ದಾಟಿತು. ನೂಲು ಏರಿದಷ್ಟು ಸೀರೆ ಏರಲಿಲ್ಲ.

ಹಾಗಾದರೆ ಕೆಲಸ ಹೋದ ಕೈಗಳು ಎಲ್ಲಿಗೆ ಹೋದವು? ಬೀಳಗಿ ಕಡೆಯ ಜನ ಮಂಗಳೂರಿಗೆ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗೋದು ನಿಮಗೆ ಗೊತ್ತೇ ಇದೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟ ತಾಲ್ಲೂಕು ಅದು. 2020ರಲ್ಲಿ ಅಂಥವರು ಬಸ್ಸು, ಲಾರಿ ಹಿಡಿದು ಊರಿಗೆ ವಾಪಸ್ ಬಂದರು. ಅವರಿಗೂ, ಮಗ್ಗ ನಿಂತವರಿಗೂ ಉಳಿದದ್ದು ಎರಡೇ ದಾರಿ, ಯಾರದ್ದಾದರೂ ಹೊಲ ಇಲ್ಲಾ ಉದ್ಯೋಗ ಖಾತರಿಯ ಕೂಲಿ. ಆ ವರ್ಷ ನಮ್ಮ ರಾಜ್ಯದಲ್ಲಿ ಅದು ದಿನಕ್ಕೆ 275 ರೂಪಾಯಿ. ಬ್ರಿಟಿಷರ ಕ್ಷಾಮ ಸಂಹಿತೆ ನೇಕಾರನ ಕೈಗೆ ಗುದ್ದಲಿ ಕೊಡಬೇಡಿ ಅಂದಿತ್ತು. ನಾವು ಕೊಟ್ಟೆವು.

ಸರ್ಕಾರದ್ದೇ ಕಾರ್ಮಿಕ ಸಮೀಕ್ಷೆ ನೋಡಿ. 2018-19ರಲ್ಲಿ ದೇಶದ ದುಡಿಯುವವರಲ್ಲಿ ಕೃಷಿಯಲ್ಲಿದ್ದವರು ಶೇಕಡಾ 42.5. 2020-21ಕ್ಕೆ ಅದು 46.5. ಜನ ಹೊಲ ಬಿಟ್ಟು ಪೇಟೆಗೆ ಹೋಗೋದು ಪ್ರಗತಿ ಅಂತ ನಾವು ದಶಕಗಳಿಂದ ಹೇಳಿಕೊಂಡು ಬಂದೆವು, ಎರಡೇ ವರ್ಷದಲ್ಲಿ ಗಾಡಿ ಹಿಂದಕ್ಕೆ ಓಡಿತು. ಶುಲ್ಟ್ಸ್-ಸೇನ್ ಜಗಳ ನೆನಪಾಗುತ್ತಾ? ಅವತ್ತು ಕೈ ಕಡಿಮೆಯಾದರೆ ಹೊಲಕ್ಕೆ ಏನಾಗುತ್ತೆ ಅನ್ನೋದು ಪ್ರಶ್ನೆ. ಇವತ್ತು ಒಂದೇ ಹೊಲಕ್ಕೆ ಇನ್ನೂ ನಾಲ್ಕು ಕೈ ಬಂದಿವೆ. ಬೆಳೆ ಅಷ್ಟೇ, ಹಂಚಿಕೊಳ್ಳುವವರು ಹೆಚ್ಚು. ಅಂಕಿಅಂಶದಲ್ಲಿ ಇವರೆಲ್ಲ ಉದ್ಯೋಗಸ್ಥರು. ನಿರುದ್ಯೋಗ ಕಡಿಮೆಯಾಗಿದೆ ಅಂತ ಓದುವಾಗ ಆ ಲೆಕ್ಕದೊಳಗೆ ಇವರೂ ಕೂತಿರ್ತಾರೆ.

1918ರ ಜ್ವರ ಎಷ್ಟು ಜನರನ್ನು ತಿಂದಿತು ಅಂತ ನಮಗೆ ಗೊತ್ತಾದದ್ದು ಹೇಗೆ? ಊರೂರಿನ ಮರಣ ದಾಖಲೆಗಳು ಅರೆಬರೆ. ಮೂರು ವರ್ಷದ ನಂತರ, 1921ರಲ್ಲಿ, ಜನಗಣತಿ ಆಯಿತು. ಈಗಿನ ಭಾರತದ ಗಡಿಯೊಳಗೆ 1911ರಲ್ಲಿ 25.2 ಕೋಟಿ ಇದ್ದ ಜನ 1921ರಲ್ಲಿ 25.1 ಕೋಟಿ. ಹತ್ತು ವರ್ಷದಲ್ಲಿ ದೇಶ ಬೆಳೆಯುವ ಬದಲು ಕುಗ್ಗಿತ್ತು. ನಮ್ಮ ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ದಶಕ. ಆ ಎಣಿಕೆ ಇದ್ದದ್ದರಿಂದಲೇ ನಲವತ್ತು ವರ್ಷದ ನಂತರ ಇಬ್ಬರು ಅರ್ಥಶಾಸ್ತ್ರಜ್ಞರು ಕೂತು ಜಗಳ ಆಡೋಕಾಯಿತು.

1881ರಿಂದ ಹತ್ತು ವರ್ಷಕ್ಕೊಮ್ಮೆ, ಎರಡನೆಯ ಮಹಾಯುದ್ಧದ ನಡುವೆ 1941ರಲ್ಲೂ ಬಿಡದೆ ನಡೆದ ಜನಗಣತಿ, 2021ರಲ್ಲಿ ಮಾತ್ರ ನಡೆಯಲಿಲ್ಲ. ರಬಕವಿ-ಬನಹಟ್ಟಿ ಹೊಸ ತಾಲ್ಲೂಕಾದದ್ದು 2018ರಲ್ಲಿ. 2011ರ ಗಣತಿಯಲ್ಲಿ ಅದು ಜಮಖಂಡಿ ತಾಲ್ಲೂಕಿನ ಒಳಗಿತ್ತು. ಕೊರೊನಾ ಬಂದಾಗ ಆ ತಾಲ್ಲೂಕಿನ ಜನರನ್ನು ತಾಲ್ಲೂಕು ಅಂತ ಒಂದು ಸಲವೂ ಎಣಿಸಿರಲಿಲ್ಲ.